ಹಾಕದೆ ಇಟ್ಟ ಬೂಟು

ಯುಗಾದಿಯ ಹಿಂದಿನ ವಾರ, ಒಂದು ಗುರುವಾರ. ಕನ್ನೊಳ್ಳಿಯಲ್ಲಿ ಎಂದಿನಂಥ ಬೆಳಗು. ನಮ್ಮ ಮನೆಯವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಸೈನ್ಯಕ್ಕೆ ಆಯ್ಕೆಯಾಗಿದ್ದ ಮಗ ಮಲ್ಲುವಿಗೆ ಓಟದ ಅಭ್ಯಾಸ ಮಾಡಿಸಿಕೊಂಡು ಬಂದು, ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಸಿಂದಗಿಯಿಂದ ತಂದ ದಪ್ಪ ಚರ್ಮದ ಬೂಟು ತೋರಿಸಿದರು.

“ಭರ್ತಿ ಆದರ ಮುಗೀಲಿಲ್ಲಪ್ಪಾ, ಅಲ್ಲಿ ನಿಂದರಬೇಕು. ಭಾಳ ಮಂದಿ ಕಾಲನೋವಿಗೇ ಓಡಿ ಬರ್ತಾರ. ನಾಳಿಂದ ಇದನ್ನ ಹಾಕ್ಕೊಂಡ ಓಡು, ಕಾಲ ಗಟ್ಟಿ ಆಗ್ಲಿ.”

ಮರುದಿನ ಅವರು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು.

ಅವರು ಕೊನೆಗೆ ತಂದದ್ದೆಂದು ಬೂಟಿನ ಡಬ್ಬಿಯನ್ನು ಅವರ ಫೋಟೊದ ಕೆಳಗಿಟ್ಟೆ. ಮಗ ಒಮ್ಮೆ ಕೇಳಿದ. “ಬ್ಯಾಡ, ಮಣ್ಣ ಆಗ್ತಾವ,” ಎಂದೆ. ಅವನು ಕ್ಯಾನ್ವಾಸ್ ಬೂಟಿನಲ್ಲೇ ಓಡಿ, ಹಾಗೆಯೇ ತರಬೇತಿಗೆ ಹೋದ.

ಮೂರನೆಯ ಭಾನುವಾರ ಫೋನು ಬಂತು. “ಅವ್ವಾ, ಇಲ್ಲಿ ಕೊಟ್ಟ ಬೂಟಿಗೆ ಹಿಮ್ಮಡ ಎಲ್ಲಾ ಹರದಾವ. ಕಲಸೋ ಉಸ್ತಾದಗ ಹೇಳಿಲ್ಲ, ನಗ್ತಾರ. ನಾ ಬಂದ ಬಿಡ್ತೇನಿ.”

ಬಾ ಎನ್ನಬೇಕೆಂದು ನನಗೂ ಆಸೆಯಾಯಿತು. ಒಂದು ವಾರ ತಡಿ ಎಂದಷ್ಟೇ ಹೇಳಿದೆ.

ಸೋಮವಾರ ಬಸ್ಸು ಹಿಡಿದು ಬಸವನ ಬಾಗೇವಾಡಿಗೆ ಹೋದೆ. “ತಂದೆ, ಅವನಿಗೆ ಏನು ಹೇಳಲಿ, ನೀನೇ ತಿಳಿಸು,” ಎಂದು ಬಸವಣ್ಣನ ಮುಂದೆ ನಿಂತೆ. ಪ್ರಸಾದದ ಸಾಲಿನಲ್ಲಿ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ವಿಚಾರಿಸಿದರು. ನಿಡಗುಂದಿಯವರು, ಅವರೂ ಹಳೆಯ ಸಿಪಾಯಿ. ಎಲ್ಲ ಕೇಳಿದ ಮೇಲೆ ಅವರೆಂದರು:

“ಅಲ್ಲವಾ ತಂಗಿ, ಫೋಟೊ ಏನ್ ಪರೇಡ್ ಮಾಡತೈತೇನು, ಅದಕ್ಕ ಬೂಟ ಇಟ್ಟೀಯಲ್ಲ!”

ನಮ್ಮವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

“ಕಾಲ ಮುಚ್ಚಿಡಬ್ಯಾಡ, ಉಸ್ತಾದಗ ತೋರಸು ಅಂತ ಹೇಳು. ನಾನೂ ಮುಚ್ಚಿಟ್ಟ ಕೆಟ್ಟಿದ್ದೆ. ಒಂದರ ಮ್ಯಾಲೊಂದ ಎರಡ ಕಾಲಚೀಲ ಹಾಕ್ಕೊಳ್ಳಲಿ. ಹದಿನೈದ ದಿನ ತಡದರ ಮತ್ತ ಹರಿಯಂಗಿಲ್ಲ.”

ಭಾನುವಾರ ಮಗನಿಗೆ ಅದನ್ನೇ ಹೇಳಿದೆ. “ತಪ್ಪ ನಂದು, ನಿನ್ನ ಕಾಲಿಂದಲ್ಲಪ್ಪಾ,” ಎಂದೂ ಹೇಳಿದೆ. ಅವನು ಉಸ್ತಾದರಿಗೆ ಕಾಲು ತೋರಿಸಿದ. ಉಸ್ತಾದರು ನಗಲಿಲ್ಲ. ಔಷಧ ಕೊಡಿಸಿ, ಒಂದು ವಾರ ಓಟ ಬಿಡಿಸಿದರು. ಮಗ ಅಲ್ಲೇ ನಿಂತ, ತರಬೇತಿ ಮುಗಿಸಿದ.

ಶರಣ ಬಂಧುಗಳೇ, ಅಷ್ಟು ಜನರ ನಡುವೆ ಆ ಹಿರಿಯರನ್ನೇ ನನ್ನ ಪಕ್ಕ ನಿಲ್ಲಿಸಿದ್ದು ಬಸವಣ್ಣ. ಇದರಲ್ಲಿ ನನಗೆ ಸಂದೇಹವಿಲ್ಲ. ಡಬ್ಬಿ ಬಿಚ್ಚಿ, ಓಣಿಯಲ್ಲಿ ಹೊಸದಾಗಿ ಆಯ್ಕೆಯಾದವನಿಗೆ ಬೂಟು ಕೊಟ್ಟಿದ್ದೇನೆ. ಅನುಕೂಲವಾದ ಸೋಮವಾರ ಬಾಗೇವಾಡಿಗೆ ಹೋಗಿ ಕೈ ಮುಗಿದು ಬರುತ್ತೇನೆ.

ಮಗ ಈಗಲೂ ಫೋನು ಮಾಡುತ್ತಾನೆ. ನನ್ನೊಡನೆ ಮಾತು ಮುಗಿದ ಮೇಲೆ, “ಅಪ್ಪಗ ಕೊಡು,” ಎನ್ನಬೇಕಿತ್ತು ಅವನು. ಅವರು ಇಲ್ಲ.