ಅಣ್ಣ ‘ಈಗ’ ಅನ್ನುವ ಮೊದಲೇ

ಹೋದ ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ನಾನೊಂದು ದೈತ್ಯನನ್ನು ಕೊಂದೆ.

ನಗಬೇಡಿ. ಮೊಬೈಲ್‌ನಲ್ಲಿ ಫೋಟೊ ಕಳಿಸುವುದಕ್ಕೂ ಪಕ್ಕದ ಮನೆಯವರನ್ನು ಕೇಳುವ, ಐವತ್ತು ದಾಟಿದ ಹೆಂಗಸು ನಾನು. ನಿಮಗೆ ಗೊತ್ತಿರುವುದೇ. ದೈತ್ಯ ಇದ್ದದ್ದು ವಿಡಿಯೊ ಗೇಮಿನಲ್ಲಿ. ಟಿವಿ ಇದ್ದದ್ದು ಜರಗನಹಳ್ಳಿಯ ನಮ್ಮಣ್ಣನ ಮನೆಯ ಹಾಲ್‌ನಲ್ಲಿ. ಗೆದ್ದ ಮೇಲೆ ಬಚ್ಚಲುಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಅಣ್ಣನ ಹೆಸರು ರಾಜಣ್ಣ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಅವನ ಮನೆ, ಅದರ ಮೇಲೆ ಬಾಡಿಗೆ ಮನೆಗಳು. ವಯಸ್ಸಿನಲ್ಲಿದ್ದಾಗ ಅವನು ಕಬಡ್ಡಿ ಆಡುತ್ತಿದ್ದ. ರೇಡರ್. ಎದುರು ತಂಡದವರೆಲ್ಲ ಸುತ್ತುಗಟ್ಟಿದರೂ ಸೊಂಟ ಒಂದು ಕಡೆ ತೋರಿಸಿ ಇನ್ನೊಂದು ಕಡೆಯಿಂದ ಜಾರಿ ಬರುತ್ತಿದ್ದ. ಹಿಡಿದವರ ಕೈಯಲ್ಲಿ ಅವನ ಬನಿಯನ್ನಿನ ಚೂರು ಮಾತ್ರ ಉಳಿಯುತ್ತಿತ್ತು. (ಅಮ್ಮನ ಬೈಗುಳವೆಲ್ಲ ಆ ಬನಿಯನ್ನುಗಳ ಬಗ್ಗೆ.)

ಅಂಥವನಿಗೆ ಪಾರ್ಕಿನ್ಸನ್ಸ್ ಬಂತು.

ಮೊದಲು ಬಲಗೈ ಹೆಬ್ಬೆರಳು ನಡುಗಿತು. ಆಮೇಲೆ ಹೆಜ್ಜೆ ಸಣ್ಣದಾಯಿತು. ಆಮೇಲಾಮೇಲೆ ನಡೆಯುತ್ತಿದ್ದ ಹಾಗೆಯೇ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು ಶುರುವಾಯಿತು. ಒಂದು ದಿನ ರಸ್ತೆಯಲ್ಲಿ ಹಾಗೇ ನಿಂತುಬಿಟ್ಟಿದ್ದಾನೆ. ಎದುರಿಗೆ ಬೈಕು. ಸರಿಯಲು ಆಗುತ್ತಿಲ್ಲ. ಬೈಕಿನವನು ಸುತ್ತಿಕೊಂಡು ಹೋಗುತ್ತಾ, “ಏನ್ ಅಂಕಲ್, ರೋಡ್ ಮಧ್ಯ ನಿಂತ್ಕೊಂಡು ಕನಸು ಕಾಣ್ತಿದೀರಾ?” ಅಂದನಂತೆ.

ಅವನ ತಪ್ಪೇನೂ ಇಲ್ಲ, ಪಾಪ, ಅವನಿಗೇನು ಗೊತ್ತು? ಆದರೆ ಅವತ್ತಿನಿಂದ ಅಣ್ಣ ಹೊರಗೆ ಹೋಗುವುದನ್ನೇ ಬಿಟ್ಟ.

ಬೆರಳಿಗೆ ಸ್ವಲ್ಪ ಕೆಲಸ ಸಿಗಲಿ ಅಂತ ಅವನ ಮಗಳು ಕಾವ್ಯ ಈ ಗೇಮ್ ತಂದು ಟಿವಿಗೆ ಜೋಡಿಸಿದಳು. ಆಡುವುದನ್ನು ಕಲಿಸಿ, ಮದುವೆಯಾಗಿ ಹುಳಿಮಾವಿಗೆ ಹೋದಳು. ಕತ್ತಿ ಹಿಡಿದ ಒಬ್ಬ ಯೋಧ, ಒಂದು ಪಾಳು ಕೋಟೆ, ಒಬ್ಬನಾದ ಮೇಲೆ ಒಬ್ಬ ದೈತ್ಯ. ಏಟು ಬೀಳುವ ಗಳಿಗೆಗೆ ಸರಿಯಾಗಿ ಬಟನ್ ಒತ್ತಿದರೆ ಯೋಧ ನೆಲದ ಮೇಲೆ ಹೊರಳಿ ತಪ್ಪಿಸಿಕೊಳ್ಳುತ್ತಾನೆ.

ಅಣ್ಣ ಮನಸೋತದ್ದು ಅದೊಂದಕ್ಕೇ. ಕತ್ತಿ ಬೀಸುವುದರಲ್ಲಿ ಅವನಿಗೆ ಆಸಕ್ತಿಯೇ ಇರಲಿಲ್ಲ. ಹೊರಳಬೇಕು, ಏಟು ಗಾಳಿಗೆ ಹೋಗಬೇಕು. ಆಗ ಅವನ ಮುಖ ನೋಡಬೇಕಿತ್ತು ನೀವು.

ನಾನು ತಿಲಕ್ ನಗರದಿಂದ ಭಾನುವಾರ ಭಾನುವಾರ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತು ನೋಡುತ್ತಾ ನನಗೂ ಸ್ವಲ್ಪ ಸ್ವಲ್ಪ ಅರ್ಥವಾಯಿತು. ದೈತ್ಯರನ್ನು ಗೆದ್ದು ಲೆವೆಲ್ ಏರಿದಾಗಲೆಲ್ಲ ಒಂದಿಷ್ಟು ಪಾಯಿಂಟ್ ಸಿಗುತ್ತದೆ. ಅದನ್ನು ಯೋಧನ ಬಲಕ್ಕೆ ಹಾಕಬಹುದು, ಆಯಸ್ಸಿಗೆ ಹಾಕಬಹುದು, ದಮ್ಮಿಗೆ ಅಥವಾ ಚುರುಕಿಗೆ ಹಾಕಬಹುದು. (ಗೇಮಿನಲ್ಲಿ ಎಲ್ಲ ಇಂಗ್ಲಿಷ್. ಈ ಹೆಸರುಗಳು ಅಣ್ಣ ಇಟ್ಟಿದ್ದು.) ದಮ್ಮು ಇದ್ದಷ್ಟು ಸಲ ಹೊರಳಬಹುದು. ಚುರುಕು ಹೆಚ್ಚಿದಷ್ಟೂ, ಹೊರಳುವಾಗ ಏಟು ತಾಗದ ಆ ಗಳಿಗೆ ಕೊಂಚ ಉದ್ದವಾಗುತ್ತದೆ.

ಅಣ್ಣನಿಗೆ ಆ ಉದ್ದ ಬೇಕಿತ್ತು. ಮನಸ್ಸು ಹೇಳಿದ್ದು ಬೆರಳಿಗೆ ತಲುಪುವುದು ತಡವಾಗುತ್ತಿತ್ತು. ಅದಕ್ಕೇ ದೈತ್ಯ ಕೈ ಎತ್ತುವ ಮೊದಲೇ ಅಂದಾಜಿನಲ್ಲಿ ಒತ್ತುತ್ತಿದ್ದ. ಅಂದಾಜು ಕೊಂಚ ಆಚೀಚೆ ಆದರೂ ಯೋಧ ಉಳಿಯಬೇಕಲ್ಲ?

“ಆಯಸ್ಸಿಗೆ ಸ್ವಲ್ಪ ಹಾಕಣ್ಣ, ನಾಲ್ಕು ಏಟು ತಡ್ಕೊಳ್ಳಲಿ,” ಅಂದೆ ಒಮ್ಮೆ.

“ಏಟು ತಿನ್ನೋಕೆ ಅಂತ ಯಾರಾದ್ರೂ ಆಯಸ್ಸು ಜಾಸ್ತಿ ಮಾಡ್ಕೋತಾರಾ?” ಅಂದ.

ಕಬ್ಬಿಣದ ಕವಚವನ್ನೂ ಬಿಚ್ಚಿಸಿಬಿಟ್ಟ. ಮೈಮೇಲೆ ಭಾರ ಇದ್ದರೆ ಹೊರಳುವುದು ನಿಧಾನವಂತೆ. ಯೋಧ ಚಡ್ಡಿಯಲ್ಲಿ ನಿಂತ. ಕಾಫಿ ತಂದ ಪದ್ಮತ್ತಿಗೆ ಟಿವಿ ನೋಡಿ, “ರೀ, ಮೈಮೇಲೆ ಒಂದ್ ಶರ್ಟ್ ಆದ್ರೂ ಹಾಕ್ರೀ ಅವನಿಗೆ,” ಅಂದರು. ಆ ಮನೆಯಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕಿದ್ದು ಬಹಳ ದಿನದ ಮೇಲೆ.

ಹಿಂದಿನ ಬೇಸಿಗೆಯಲ್ಲಿ ಅವನ ಕೈಯಿಂದ ಆ ಬಟನ್‌ಗಳಿರುವ ಕಂಟ್ರೋಲರ್ ಜಾರಿ ಬೀಳತೊಡಗಿತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಮತ್ತೆ ಎತ್ತಿಕೊಡಲು ಹೋದಾಗ ಅವನು ತೆಗೆದುಕೊಳ್ಳಲಿಲ್ಲ.

“ನೀನೇ ಹಿಡ್ಕೋ. ಲೆಕ್ಕ ನಂದು, ಬೆರಳು ನಿಂದು. ನಾನು ‘ಈಗ’ ಅಂದಾಗ ಒತ್ತು.”

ಹಾಕಿದ ಪಾಯಿಂಟ್‌ಗಳನ್ನೆಲ್ಲ ವಾಪಸ್ ತೆಗೆದು ಬೇರೆ ಕಡೆ ಹಾಕಲು ಆ ಗೇಮ್ ಒಂದೇ ಒಂದು ಅವಕಾಶ ಕೊಡುತ್ತದೆ. ಅಷ್ಟು ದಿನ ಅಣ್ಣ ಅದನ್ನು ಕಾಪಾಡಿ ಇಟ್ಟುಕೊಂಡಿದ್ದ. ಅವತ್ತು ನನಗಾಗಿ ಬಳಸಿದ. “ನಿಂಗೆ ಗಾಬರಿ ಜಾಸ್ತಿ. ಸುಮ್ಸುಮ್ನೆ ಹೊರಳ್ತೀಯ. ನಿಂಗೆ ದಮ್ಮು ಬೇಕು,” ಅಂತ ತನ್ನ ಚುರುಕಿನಿಂದ ಕಿತ್ತು ನನ್ನ ದಮ್ಮಿಗೆ ಹಾಕಿಸಿದ.

ತನ್ನ ಬೆರಳಿಗಾಗಿ ಕೂಡಿಸಿಟ್ಟದ್ದನ್ನು ಇನ್ನೊಬ್ಬರ ಬೆರಳಿಗೆ ಹೊಂದಿಸುವುದು ಎಂಥ ಕಷ್ಟ ಅಂತ ಆಗ ನನಗೆ ಹೊಳೆಯಲಿಲ್ಲ. ಬಟನ್ ಯಾವುದು ಅಂತ ಹುಡುಕುವುದರಲ್ಲೇ ಇದ್ದೆ.

ಎಷ್ಟೋ ಭಾನುವಾರ ಹಾಗೆ ಆಡಿದೆವು. ಅವನು “ಈಗ” ಅನ್ನುವನು, ನಾನು ಒತ್ತುವೆನು. ಕೊಡಲಿ ಹಿಡಿದ ಒಬ್ಬ ದೈತ್ಯನ ಹತ್ತಿರ ಬಂದು ನಿಂತೆವು. ಅವನನ್ನು ದಾಟಲು ಆಗಲೇ ಇಲ್ಲ. ಪ್ರತಿ ಸಲವೂ ಕೊಡಲಿ ಬಿದ್ದ ಮೇಲೆ ನಾನು ಹೊರಳುತ್ತಿದ್ದೆ. ನನ್ನ ವಯಸ್ಸಿಗೆ ಇಷ್ಟೇ ಅಂದುಕೊಂಡೆ.

ಈ ದೀಪಾವಳಿಯ ಹೊತ್ತಿಗೆ ಗೊತ್ತಾಯಿತು. ತಡವಾಗುತ್ತಿದ್ದುದು ನನ್ನ ಬೆರಳಲ್ಲ. ಅಣ್ಣನ ಮಾತು.

ಕಾಯಿಲೆ ಗಂಟಲಿಗೂ ಇಳಿದಿತ್ತು. ‘ಈಗ’ ಅನ್ನುವ ಎರಡಕ್ಷರ ತುಟಿಗೆ ಬರುವಷ್ಟರಲ್ಲಿ ಕೊಡಲಿ ಬಿದ್ದಿರುತ್ತಿತ್ತು.

ಏನು ಮಾಡುತ್ತೀರಿ ಇಂಥ ಹೊತ್ತಿನಲ್ಲಿ? ನಾನು ಹೆಂಗಸರು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದೆ. ಗೊತ್ತಾಗದ ಹಾಗೆ ಸಂಭಾಳಿಸಿದೆ. ದೈತ್ಯನ ಭುಜ ಏಳುವುದನ್ನು ನಾನೇ ನೋಡಿಕೊಂಡು ಒತ್ತತೊಡಗಿದೆ. ಅಣ್ಣನ “ಈಗ” ಹಿಂದಿನಿಂದ ಬರುತ್ತಿತ್ತು. ಅವನ ಮಾತಿನಂತೆಯೇ ನಡೆಯುತ್ತಿದೆ ಅನ್ನುವ ಹಾಗೆ ತಲೆಯಾಡಿಸುತ್ತಿದ್ದೆ.

ಹೋದ ಭಾನುವಾರ ಅರ್ಧ ಕಾದಾಟ ಮುಗಿದಿತ್ತು. ಒಂದು ಏಟೂ ತಾಗಿರಲಿಲ್ಲ.

“ನಾನ್ ಹೇಳೋಕೆ... ಮುಂಚೇನೇ ಹೊರಳ್ತಿದೀಯ,” ಅಂದ ಅಣ್ಣ.

“ಇಲ್ಲಣ್ಣ. ನೀನ್ ಹೇಳಿದ್ಮೇಲೇ.”

ಅವನು ಟಿವಿ ನೋಡುತ್ತಿರಲಿಲ್ಲ. ನನ್ನ ಹೆಬ್ಬೆರಳು ನೋಡುತ್ತಿದ್ದ. ಕಬಡ್ಡಿ ಆಡಿದವನು. ಯಾರ ಮೈ ಯಾವಾಗ ಅಲುಗಿತು ಅಂತ ಅವನಿಗೆ ಹೇಳಿಕೊಡಬೇಕೇ?

“ಸುಳ್ಳು ಯಾಕೆ? ಚೆನ್ನಾಗ್ ಆಡ್ತಿದೀಯ. ಆಡು,” ಅಂದ.

ಆಮೇಲೆ ಅವನು “ಈಗ” ಅನ್ನಲಿಲ್ಲ.

ಕೊಡಲಿ ಏಳುತ್ತಿತ್ತು, ಬೀಳುತ್ತಿತ್ತು. ನಾನು ಹೊರಳುತ್ತಿದ್ದೆ. ಬೇಕೆಂದೇ ಸೋತುಬಿಡಲೇ ಅನಿಸಿತು. ಸೋತರೆ ಅದೂ ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ಗೆದ್ದೆ.

ಟಿವಿಯ ಮೇಲೆ ಪಾಯಿಂಟ್‌ಗಳು ಬಂದು ಕೂತವು. “ಎಲ್ಲಿಗೆ ಹಾಕ್ಲಣ್ಣ?” ಅಂತ ಕೇಳಿದೆ.

“ನಿಂಗೆ ಎಲ್ಲಿ ಬೇಕೋ... ಅಲ್ಲಿಗೆ ಹಾಕ್ಕೋ. ನಂಗೆ ಇನ್ ಸಾಕು.”

ಬಚ್ಚಲುಮನೆಯಿಂದ ನಾನು ಬರುವಷ್ಟರಲ್ಲಿ ಅತ್ತಿಗೆ ಅವನಿಗೆ ಚಮಚದಲ್ಲಿ ಕಾಫಿ ಕುಡಿಸುತ್ತಿದ್ದರು. ಟಿವಿ ಆರಿಸಿದ್ದರು.

ಕಾಯಿಲೆಯವರ ಮನೆಗೆ ಹೋದಾಗ ನಾವು ಧೈರ್ಯ ಹೇಳುತ್ತೇವೆ, ಹಣ್ಣು ಕೊಡುತ್ತೇವೆ, ಗೊತ್ತಿರುವ ನಾಟಿ ವೈದ್ಯರ ನಂಬರ್ ಕೊಡುತ್ತೇವೆ. ಅವರ ಕೈಲಾಗದ ಕೆಲಸವನ್ನು ನಾವೇ ಸರಸರ ಮಾಡಿಕೊಟ್ಟು ಸಹಾಯ ಅಂದುಕೊಳ್ಳುತ್ತೇವೆ. ಅಣ್ಣನ ಅಂಗಿಯ ಗುಂಡಿ ಹಾಕಲು ಒಬ್ಬರು, ಅವನ ಮಾತನ್ನು ಮುಗಿಸಿಕೊಡಲು ಇನ್ನೊಬ್ಬರು. ಅವನ ಪಾಲಿಗೆ ಉಳಿದದ್ದು ಒಂದು ಮಾತು, ಎರಡೇ ಅಕ್ಷರ. ಅದನ್ನೂ ನಾನು ಪ್ರೀತಿಯಿಂದಲೇ ಕಿತ್ತುಕೊಂಡೆ.

ನಾಳಿದ್ದು ಮತ್ತೆ ಭಾನುವಾರ. ಅವನ ಪಕ್ಕ ಕೂತು ನಾನು ಏನು ಆಡಲಿ, ಹೇಳಿ?