ಗಾಳದ ಪಕ್ಕ ಗಾಳ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ನಾನು, ಗೆಳೆಯ ಅಮೆರಿಕಕ್ಕೆ ಬಂದ ಹೊಸತರಲ್ಲಿ ಮೀನು ಹಿಡಿಯಲು ಹೋದಾಗ, ಮಾರಿಸ್‌ಟೌನ್ ಊರಿನ ಹತ್ತಿರದ ಹೆಪ್ಪುಗಟ್ಟಿದ ಕೆರೆಯ ಮೇಲೆ ಅಮೆರಿಕನ್ ಅಜ್ಜಿಯೊಬ್ಬರು ಐಸಿಗೆ ತೂತು ಕೊರೆದು, ಗಾಳ ಇಳಿಬಿಟ್ಟು ಕೂತಿದ್ದರು.

“ಪಾಪ, ಒಬ್ರೇ ಇದಾರೆ. ಕಂಪನಿ ಕೊಡೋಣ ಬಾರೋ,” ಎಂದು ಗೆಳೆಯನನ್ನು ಕರೆದು, ಅವರ ಮಗ್ಗುಲಲ್ಲೇ ಐಸ್ ಕೊರೆದೆ. ಸದ್ದಿಗೆ ಮೀನೆಲ್ಲ ಚದುರಿದವು. ಅಜ್ಜಿ ನಾವು ಕೊಟ್ಟ ಉಪ್ಪಿಟ್ಟನ್ನು ಖುಷಿಯಿಂದ ತಿಂದು, ದೂರ ಹೋಗಿ ಹೊಸ ತೂತು ಕೊರೆದರು.

“ಸಂಕೋಚ ಕಣೋ ಅವ್ರಿಗೆ,” ಎಂದ ಗೆಳೆಯ. ನಾವು ಕುರ್ಚಿ ಹೊತ್ತು, ನಗುನಗುತ್ತಾ ಹಿಂದೆಯೇ ಹೋಗಿ ಅಲ್ಲೂ ಕೊರೆದೆವು.

ಇನ್ನೊಬ್ಬರ ಗಾಳದಿಂದ ಕೂಗಳತೆಯಷ್ಟು ದೂರ ಕೂರುವುದೇ ಇಲ್ಲಿನ ಮರ್ಯಾದೆಯೆಂದು ಆಮೇಲೆ ತಿಳಿಯಿತು. ಆವತ್ತಿನಷ್ಟು ನಕ್ಕ ದಿನಗಳು ನನಗೆ ಕಡಿಮೆ. ಆದರೆ ಬರಿಗೈಲಿ ಮನೆಗೆ ಹೊರಟರೂ ಕಾರಿನಿಂದ ನಮ್ಮತ್ತ ಕೈಬೀಸಿದ ಆ ಅಜ್ಜಿಯಲ್ಲಿ ನಾನು ಕ್ಷಮೆ ಕೇಳದೇ ಉಳಿದೆ.