ಹಿತ್ತಾಳೆಯ ಬಣ್ಣ

ಖಮರುನ್ನೀಸಾಳ ತವರು ಹೊನ್ನಾಳಿ. ಅಲ್ಲಿ ಅವಳ ಅಪ್ಪ ತೊಟ್ಟಿಲುಗಳಿಗೆ ಅರಗು ಹಾಕುತ್ತಿದ್ದ. ಅವನ ಹದ ಮಗಳ ಕೈಗೂ ಬಂದಿತ್ತು. ತ್ಯಾವಣಿಗೆಯ ಬಡಗಿ ಬುಡನ್‌ಸಾಬನ ಕೈಹಿಡಿದು ಬಂದ ಮೇಲೆ ಅವನು ಮಾಡಿದ ಪೆಟ್ಟಿಗೆ, ಮಂಚಗಳೆಲ್ಲ ಅವಳ ಅರಗು ಅದ್ದಿದ ಬಟ್ಟೆಯುಂಡೆಯಡಿ ಹೊಳಪು ಪಡೆದವು. “ಮರ ನಂದು, ಮುಖ ನಿಂದು” ಎನ್ನುತ್ತಿದ್ದ ಅವನು. ಆ ಮಾತನ್ನು ಅವಳು ಒಡವೆಯಂತೆ ಜೋಪಾನ ಮಾಡಿಕೊಂಡಿದ್ದಳು.

ಯುದ್ಧದ ವರ್ಷಗಳು, ಹಿತ್ತಾಳೆಗೆ ಬಂಗಾರದ ಬೆಲೆ. ನೀರಾವರಿ ಕೆಲಸದಿಂದ ನಿವೃತ್ತರಾದ ಬೆನಕಪ್ಪನವರು, ತಾಯ್ನಾಡಿಗೆ ಹೊರಟ ಬಿಳಿ ದೊರೆಯೊಬ್ಬನಿಂದ ಪುಟ್ಟ ಹಾಯಿದೋಣಿ ಕೊಂಡು, ಗಾಡಿಗಳ ಮೇಲೆ ಸೂಳೆಕೆರೆಯ ದಡಕ್ಕೆ ತರಿಸಿದರು. ಮೇಲ್ಹಲಗೆ ಬಿರಿದಿತ್ತು. ಹಾಯಿಯ ಹಗ್ಗ ಸುತ್ತಿ ಬಿಗಿಯುವ ಹಿತ್ತಾಳೆಯ ಕೊಂಬುಗಳು ಕಿತ್ತು ಬಂದಿದ್ದವು. ಅವನ್ನು ಮತ್ತೆ ಕೂರಿಸುವ ಕೆಲಸವನ್ನು ಬುಡನ್‌ಸಾಬನಿಗೆ ವಹಿಸಿ ಬೆನಕಪ್ಪನವರು ಎಲ್ಲಿಂದಲೋ ಹೊಸ ಹಿತ್ತಾಳೆ ಬೋಲ್ಟುಗಳನ್ನು ತರಿಸಿಕೊಟ್ಟರು. ನೀರಿಗೆ ಬೀಳುವ ಕೆಲಸಕ್ಕೆ ಕಬ್ಬಿಣ ಆಗದು ಎಂದು ಅವರ ಹಟ.

ಬುಡನ್‌ಸಾಬ್ ಹಲಗೆ ಕೊರೆದ. ರಾಳದಲ್ಲಿ ಅದ್ದಿದ ಹತ್ತಿ ಸುತ್ತಿ ಬೋಲ್ಟು ಇಳಿಸಿ, ತಲೆಗಳ ಮೇಲೆ ಮರದ ಬಿರಡೆ ಬಡಿದು ಮುಚ್ಚಿದ. ಮೇಲ್ಹಲಗೆಯ ಕೆಳಗಿನ ಗೂಡು ತೀರ ತಗ್ಗು. ಅದರೊಳಗೆ ನುಸುಳಿದವಳು ಖಮರುನ್ನೀಸಾ. ಹಳೆಯ ಬಣ್ಣ ಹೆರೆದಳು, ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದಳು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ, ಒಣಗಲು ಬಿಟ್ಟು ಬಿಟ್ಟು, ಹಚ್ಚಿದಳು. ಬೋಲ್ಟುಗಳ ತುದಿಗಳು ಸೂರಿನಿಂದ ಕೆಳಗೆ ಇಣುಕುತ್ತಿದ್ದವು.

“ಅವಕ್ಕೆ ಮೊದಲ್ನೇ ಹಳದಿ ಕೈ ನಾನೇ ಬಳಿದೀನಿ. ನೀನು ಹಳದಿ ಕೂಡ್ಸಿ ಮೇಲೊಂದು ಕೈ ಎಳಿ. ಹಿತ್ತಾಳಿ ಮಾಸಬಾರ್ದು” ಎಂದ ಬುಡನ್‌ಸಾಬ್.

ಹಿತ್ತಾಳೆಯ ಹೂಜಿಗೂ ಅಪ್ಪ ಹಾಗೆ ಅರಗು ಎಳೆಯುತ್ತಿದ್ದುದುಂಟು. ಅವಳು ಎಳೆದಳು. ತುದಿಗಳು ಹೊಸ ಬಂಗಾರದಂತೆ ಬೆಳಗಿದವು.

ಬೆನಕಪ್ಪನವರ ಮಗಳು ಪ್ರೇಮಮ್ಮ ದಿನವೂ ಕಾಫಿ ಹಿಡಿದು ಬರುತ್ತಿದ್ದಳು. ಅದನ್ನು ಬಿಟ್ಟರೆ, ಗಂಡ ತೀರಿದ ಮೇಲೆ ಅವಳು ಹೊಸಿಲು ದಾಟಿದ್ದೇ ಕಡಿಮೆ.

“ಖಮರಕ್ಕ, ನಿಮ್ಮ ಯಜಮಾನ್ರು ಗಾಡಿ ಮಾಡೋರು. ಇದಕ್ಕೂ ಎತ್ತು ಹೂಡಾಕೆ ಹೇಳ್ತಾರೋ ಏನೋ!”

“ಎತ್ತು ಯಾಕ್ರೀ ಅವ್ವಾರೆ? ಗಾಳಿನೇ ಎತ್ತು. ಮೇವು ಬ್ಯಾಡ, ಸೆಗಣಿ ಬಾಚೋದು ಬ್ಯಾಡ.”

ಪ್ರೇಮಮ್ಮ ಬಾಯಿಗೆ ಸೆರಗೊತ್ತಿ ನಕ್ಕಳು. “ಮೊದಲ್ನೇ ದಿನ ಅಪ್ಪನ ಜೋಡಿ ನಾನೇ ಕೂಡೋದು. ಈಜು ಬರಲ್ಲ, ಆದ್ರೂ ಕೂಡ್ತೀನಿ. ನೀವು ಮಾಡಿದ ಕೆಲಸ ಅಲ್ವಾ.”

ಹಲಗೆ ಉಬ್ಬಿ ಬಿರುಕು ಕೂಡಲೆಂದು ದೋಣಿಯನ್ನು ದಡದ ಆಳವಿಲ್ಲದ ನೀರಿನಲ್ಲಿ ನೆನೆಯಲು ಬಿಟ್ಟರು. ಮೇಲ್ಹಲಗೆಯ ಮೇಲೂ ಒದ್ದೆ ಗೋಣಿ ಹಾಸಿದರು. ದೋಣಿ ಹಾಯಿ ಬಿಚ್ಚಿ ಹೊರಡಬೇಕಿದ್ದ ಬೆಳಿಗ್ಗೆ ಕೊನೆಯ ಸಲ ಒರೆಸೋಣವೆಂದು ಗೂಡಿನೊಳಗೆ ಹೋದ ಖಮರುನ್ನೀಸಾ ಸೂರಿನ ಕಡೆ ನೋಡಿ ಒರೆಸುವ ಬಟ್ಟೆ ಕೆಳಗಿಟ್ಟಳು. ಬೋಲ್ಟುಗಳ ಬುಡದಿಂದ ಅವಳ ಹೊಳಪಿನ ಮೇಲೆ ಕೆಂಪು ನೀರು ಇಳಿದಿತ್ತು.

ಹಿತ್ತಾಳೆ ಕೆಂಪಗೆ ಅಳುವುದಿಲ್ಲ. ಉಗುರಿನಿಂದ ಕೆರೆದಳು: ಹಳದಿ ಹೋಗಿ ಕರಿ ಕಬ್ಬಿಣ. ಹಳೆಯ ಗಾಡಿಗಳಿಂದ ಕಿತ್ತ, ಸುತ್ತು ಸವೆದ ಬೋಲ್ಟುಗಳು. ಒಂದನ್ನು ಹಿಡಿದರೆ ಬೆರಳಿನಡಿ ಅಲ್ಲಾಡಿತು. ಮೇಲೆ ಹಗ್ಗ ತಡೆಯುವ ಕೊಂಬು ಇದರ ನೆಚ್ಚಿಗೆ ನಿಂತಿತ್ತು. ನಡುಕೆರೆಯಲ್ಲಿ ಗಾಳಿ ಜಗ್ಗಿದರೆ ಕೊಂಬು ಕಿತ್ತು ದೋಣಿ ಹಿಡಿತ ತಪ್ಪುತ್ತಿತ್ತು.

ಯಾರೋ ಬದಲಿಸಿರಬೇಕು ಎಂದುಕೊಂಡೇ ಅವಳು ಗಂಡನನ್ನು ಕರೆದಳು. ಅವನು ಇಣುಕಿ ನೋಡಿದ. ಬೆಚ್ಚಲಿಲ್ಲ.

“ಬಣ್ಣ ಇಷ್ಟ್ ಬೇಗ ಬಿಡ್ತದೆ ಅನ್ಕೊಂಡಿರ್ಲಿಲ್ಲ” ಎಂದ.

ಬದಲಿಸಿದವನು ಅವನೇ ಎಂದು ಅವಳಿಗೆ ತಿಳಿಯಿತು. “ಹಿತ್ತಾಳಿ ಎಲ್ಲೈತ್ರೀ?”

“ದಾವಣಗೆರಿಗೆ ಹೋತು, ಒಳ್ಳೆ ರೇಟಿಗೆ. ಈ ಕಾಲದಾಗೆ ಹಿತ್ತಾಳಿ ನೀರಾಗೆ ಮುಳುಗ್ಸೋರು ಯಾರೈದಾರೆ? ಇನ್ನೊಂದು ಕೈ ಬಳಿ. ಮುದುಕ ಎರಡು ಸುತ್ತು ಹೊಡೆದು ಸುಮ್ನಾಗ್ತಾನೆ.”

“ಪ್ರೇಮಮ್ಮಾರು ಕೂಡ್ತಾರೆ.”

“ಬಳಿ ಅಂದೆ. ನಿನ್ನ ಕೈ ಬಿದ್ದರೆ ಯಾರಿಗೂ ತಿಳಿಯಲ್ಲ.”

ಅವನು ಅದನ್ನು ಬೆದರಿಕೆಯಂತೆ ಹೇಳಲಿಲ್ಲ. ಯಾವಾಗಲೂ ಮೆಚ್ಚುವಾಗ ಇರುತ್ತಿದ್ದ ಅದೇ ಮೆತ್ತನೆಯ ದನಿ. ಇಷ್ಟು ವರ್ಷ ಇನ್ನೇನೇನು ಮುಚ್ಚಿದ್ದೇನೋ, ಯಾವ ಮಂಚದ ಹುಳುಕು, ಯಾವ ಪೆಟ್ಟಿಗೆಯ ಬಿರುಕು ಎಂದು ಖಮರುನ್ನೀಸಾಳ ಮನಸ್ಸು ಒಂದೊಂದು ಮನೆಗೂ ಹೋಗಿ ಬಂತು.

ಅವನು ದಡಕ್ಕೆ ಇಳಿದ. ಅವಳು ಬಟ್ಟೆಯುಂಡೆಯನ್ನು ಅರಗಿನಲ್ಲಿ ಅದ್ದಲಿಲ್ಲ. ಬರಿಯ ಸ್ಪಿರಿಟ್ಟಿನಲ್ಲಿ ಅದ್ದಿದಳು. ಒಂದೊಂದೇ ತುದಿಯನ್ನು ಉಜ್ಜಿ ಬಂಗಾರ ಕಳಚಿದಳು. ಮೇಲೆ ಹಾಯಿ ಕಟ್ಟುವ ಸದ್ದಾಗುತ್ತಿತ್ತು, ದಡದಲ್ಲಿ ಪ್ರೇಮಮ್ಮನ ದನಿ.

“ಅವ್ವಾರೆ, ಈಗ್ಲೇ ಹೊರಡಬ್ಯಾಡ್ರಿ! ಮೊದಲು ಒಳಗೆ ಬರ್ರಿ” ಎಂದು ಕೂಗಿದಳು.

ಪ್ರೇಮಮ್ಮ ಹೊಸ ಸೀರೆ ಎತ್ತಿಕಟ್ಟಿಕೊಂಡು ನುಸುಳಿ ಬಂದಳು.

“ಇದನ್ನ ಹಿಡಿದು ಅಲ್ಲಾಡ್ಸಿ ನೋಡ್ರಿ.”

ಪ್ರೇಮಮ್ಮ ಅಲ್ಲಾಡಿಸಿದಳು. ಕೈಗಾದ ಕೆಂಪನ್ನು ನೋಡಿಕೊಂಡಳು. ಆಮೇಲೆ ಉಂಡೆಗೆ ಹತ್ತಿದ್ದ ಹಳದಿಯನ್ನು ನೋಡಿದಳು.

“ಬಳಿದವಳು ನೀನೇ ಅಲ್ವಾ?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ನಿಜವೇ ಆಗಿತ್ತು. ಆದರೆ ಹಾಗೆಂದರೆ ಉಳಿದದ್ದನ್ನೆಲ್ಲ ಗಂಡನ ಹೆಸರು ಹಿಡಿದೇ ಹೇಳಬೇಕು, ಅದಕ್ಕೆ ಮನಸ್ಸು ಒಪ್ಪಲಿಲ್ಲ.

“ಹೂಂ. ನಾನೇ.”

ಪ್ರೇಮಮ್ಮ ಹೊರಗೆ ಹೋಗಿ ಅಪ್ಪನನ್ನು ಕರೆದಳು. ಹಾಯಿ ಇಳಿಸಿದರು. ಬೆನಕಪ್ಪನವರು ದೋಣಿಗೆ ಚನ್ನಗಿರಿಯಿಂದ ಬೇರೆ ಬಡಗಿಯನ್ನು ಕರೆಸಿದರು.

ಬುಡನ್‌ಸಾಬ್ ದಾರಿಯುದ್ದಕ್ಕೂ “ಮನೆ ಮಾತು ಬೀದಿಗಿಟ್ಟೆ” ಎನ್ನುತ್ತ ಬಂದ. ಅವಳು ಅವನಿಗೆ ರೊಟ್ಟಿ ಬಡಿದಳು, ನೀರು ಕಾಯಿಸಿಟ್ಟಳು. ಪ್ರೇಮಮ್ಮ ಸಂತೆಯಲ್ಲಿ ಎದುರಾದಾಗ ಖಮರುನ್ನೀಸಾ ತಾನೇ ದಾರಿ ಬಿಟ್ಟು ಸರಿದಳು. ನ್ಯಾಮತಿ ಕಡೆಯಿಂದ ಹಳೆಯ ತೊಟ್ಟಿಲು ಬಂದರೆ ಅರಗು ಕರಗಿಸಿ ಕೂರುತ್ತಿದ್ದಳು. ಗಂಡ ಮಾಡಿದ ಪೆಟ್ಟಿಗೆಗಳು ಮಾತ್ರ ಅಂದಿನಿಂದ ಚನ್ನಗಿರಿ ಸಂತೆಗೆ ಅವಳ ಅರಗಿಲ್ಲದೆ ಬರಿಮೈಯಲ್ಲೇ ಹೋದವು, ಗಂಟು ಬಿರುಕುಗಳೆಲ್ಲ ಕೊಳ್ಳುವವರ ಕಣ್ಣಿಗೆ ಕಾಣುವಂತೆ.